ನುಂಗದ ತುತ್ತು

ನೀರಿನ ತೊಟ್ಟಿಯ ಕಟ್ಟೆಯಲ್ಲಿ ಯಾರೋ ಮರೆತುಹೋದ ಮೊಬೈಲಿನ ಮುಂದೆ ಕಪ್ಪೆಯೊಂದು ಕೂತು ಓದುತ್ತಿತ್ತು. ಬೆರಳು ತಾಕಿದಂತೆಲ್ಲ ಹೊಸ ಸಾಲು ಮೇಲೇರುತ್ತಿತ್ತು. ಬೆಳಕಿಗೆ ಬಂದ ಪತಂಗವನ್ನು ಅದು ನಾಲಿಗೆ ಚಾಚಿ ಬಾಯಿಗೆ ಹಾಕಿಕೊಂಡಿತು, ಆದರೆ ನುಂಗಲಿಲ್ಲ.

ಬಾಯೊಳಗಿಂದ ಪತಂಗ ಕೇಳಿತು, "ಅಯ್ಯಾ, ಇನ್ನೂ ಯಾಕೆ ಕಾಯಿಸುತ್ತೀಯ?"

"ನಾವು ಕಪ್ಪೆಗಳು ಕಣ್ಣು ಮುಚ್ಚಿ, ಕಣ್ಣುಗುಡ್ಡೆಯಿಂದ ಒತ್ತಿಯೇ ತುತ್ತು ಒಳಗಿಳಿಸುವುದು. ಇದೊಂದು ಸಾಲು ಮುಗಿಯಲಿ."

"ಕಣ್ಣು ಉರಿಯುತ್ತಿಲ್ಲವೇ?"

"ಉರಿಯುತ್ತಿದೆ. ಇದೊಂದು ಸಾಲು."

ಬಹಳ ಹೊತ್ತಿನ ಮೇಲೆ ಪತಂಗ ಮತ್ತೆ ಕೇಳಿತು, "ಈಗ ಉರಿ ಹೇಗಿದೆ?"

"ಈಗ ಉರಿಯೇ ಇಲ್ಲ," ಎಂದಿತು ಕಪ್ಪೆ.

ಮಾತಿಗೆ ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ. ಪತಂಗ ಮೆಲ್ಲಗೆ ನಡೆದು ಹೊರಬಂತು. ಬಾಯಾರಿಕೆಯಾಗಿ, ಕಣ್ಣೀರು ಹೀರೋಣವೆಂದು ಕಪ್ಪೆಯ ಕಣ್ಣಿನ ಮೇಲೆಯೇ ಕೂತು ನೋಡಿತು. ಅಲ್ಲಿ ಒಂದು ಹನಿಯೂ ಇರಲಿಲ್ಲ. ರೆಪ್ಪೆ ಅಲುಗಲಿಲ್ಲ. ಬೆರಳು ಮಾತ್ರ ಸಾಲುಗಳನ್ನು ಮೇಲೇರಿಸುತ್ತಲೇ ಇತ್ತು.