ಕಪ್ಪು ಕೇಬಲಿನ ಹಟ

ಇಂದುಧರ ತನ್ನ ಹೆಡ್‌ಫೋನಿಗೆ ಬೆಳ್ಳಿ ಬಣ್ಣದ ಹೊಸ ಕೇಬಲ್ ಹಾಕಿಕೊಂಡು, "ಆಹಾ, ಸಿತಾರ್ ಈಗ ಎಷ್ಟು ಸ್ವಚ್ಛ ಕೇಳಸ್ತದ!" ಎಂದು ಹಿಗ್ಗಿದ. ಮೇಜಿನ ಮೇಲೆ ಬಿದ್ದಿದ್ದ ಹಳೆಯ ಕಪ್ಪು ಕೇಬಲಿಗೆ ಹೊಟ್ಟೆ ಉರಿಯಿತು.

"ನಾನು ತರದ ಯಾವ ಸ್ವರವನ್ನು ಅದು ತಂದಿದೆ?" ಎಂದು ಅದು ಹೆಡ್‌ಫೋನನ್ನು ಕೇಳಿತು.

"ನೀವಿಬ್ಬರೂ ತರುವುದು ಒಂದೇ. ನನಗಂತೂ ಭೇದ ತಿಳಿಯದು," ಎಂದಿತು ಹೆಡ್‌ಫೋನ್.

ಆ ಮಾತು ಇನ್ನಷ್ಟು ಚುಚ್ಚಿತು. "ನಿನ್ನೆ ಬಂದದ್ದು ನನಗೆ ಸಮವೇ?"

ಅಷ್ಟರಲ್ಲಿ ಇಂದುಧರನ ಅಕ್ಕ ಗಂಗಾಂಬಿಕೆ, "ಎಲ್ಲಾ ನಿನ್ನ ಭ್ರಮೆ. ಕಣ್ಣು ಮುಚ್ಚಿಕೋ, ನಾ ಬದಲಿಸಿ ಹಾಕ್ತೀನಿ. ಫರಕ್ ಗೊತ್ತಾಗಲಿಲ್ಲಾಂದ್ರ ಹಳೇದನ್ನ ಇಟ್ಕೊಂಡು ಹೊಸಾದು ವಾಪಸ್ ಕಳಸು," ಎಂದಳು.

ಕಪ್ಪು ಕೇಬಲ್ ಸಮನೆನಿಸಿಕೊಂಡರೆ ಸಾಕಿತ್ತು, ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಅದಕ್ಕೆ ಗೆಲ್ಲಲೇಬೇಕಿತ್ತು. ಅಕ್ಕ ಅದನ್ನು ಸಿಕ್ಕಿಸಿದೊಡನೆ, ಬೆಳ್ಳಿಯದಕ್ಕಿಂತ ಚೆನ್ನಾಗಿ ಹಾಡುವ ಹಟದಲ್ಲಿ ಮೈಯನ್ನು ಹುರಿಗಟ್ಟಿಸಿ ಬಿಗಿಯಿತು. ಒಳಗಿನ ತಂತಿ ತುಂಡಾಯಿತು. ಎಡಗಿವಿಯಲ್ಲಿ ಸಿತಾರ್ ನಿಂತೇಹೋಯಿತು.

"ನೋಡಿದೇನ ಅಕ್ಕಾ, ಕಣ್ಣು ಮುಚ್ಚಿದ್ರೂ ಫರಕ್ ಗೊತ್ತಾಗ್ತದ!" ಎಂದು ಇಂದುಧರ ಗೆದ್ದವನಂತೆ ಕೂಗಿದ. ಬೆಳ್ಳಿ ಕೇಬಲ್ ಏನೂ ಮಾಡದೆ ಗೆದ್ದಿತು.