ಇಳಿಯುವ ಸ್ವರ ಬಚ್ಚಿಟ್ಟ ಗವಾಯಿ

ಆರು ವರ್ಷ ಹಗಲೆಲ್ಲ ಹಾಡು ಕಲಿತ ಮಕ್ಕಳಿಗೆ ಸ್ವರ ಹತ್ತಲು ಬರುತ್ತಿತ್ತು, ಇಳಿಯಲು ಬರುತ್ತಿರಲಿಲ್ಲ. ಏನಾಗಿರಬಹುದು, ಹೇಳಿ ನೋಡೋಣ! ಗಂಟಲು ಕೆಟ್ಟಿತ್ತೇ? ಇಲ್ಲ. ಮಕ್ಕಳು ದಡ್ಡರೇ? ಛೆ, ಛೆ. ದೆವ್ವ ಹೊಕ್ಕಿತ್ತೇ? ಅದೂ ಅಲ್ಲ. ಸೋತಿರಿ ತಾನೇ? ಹಾಗಾದರೆ ಕೇಳಿ.

ಹೊನ್ನಕಣಿವೆ ಅಂತೊಂದು ರಾಜ್ಯ. ಅಲ್ಲೊಬ್ಬ ರಾಜ. ಕಿವಿ ಒಳ್ಳೆಯದು, ತಾಳ್ಮೆ ಕಡಿಮೆ. ಅವನು ಒಂದು ಸಂಗೀತದ ಶಾಲೆ ತೆರೆದು, ಭುಜಂಗರಾಯನೆಂಬ ಗವಾಯಿಯನ್ನು ಗುರುವಾಗಿ ಕೂರಿಸಿದ್ದ. ಭುಜಂಗರಾಯ ಹಾಡಿದರೆ ಗೋಡೆಯೂ ತಲೆದೂಗಬೇಕು, ಅಂಥ ಕಂಠ. ಮನಸ್ಸು ಮಾತ್ರ ಬಿಗಿಮುಷ್ಟಿ. ರಾಗಕ್ಕೆ ಹತ್ತುವ ದಾರಿ ಒಂದು, ಇಳಿಯುವ ದಾರಿ ಇನ್ನೊಂದು ಇರುತ್ತದಷ್ಟೆ? ಅವನು ಹತ್ತುವುದನ್ನು ಕಲಿಸುವನು, ಇಳಿಯುವುದನ್ನು ಬಚ್ಚಿಡುವನು. ಎಲ್ಲ ಕೊಟ್ಟರೆ ನಾಳೆ ನನ್ನನ್ನು ಕೇಳುವವರಾರು ಎಂಬ ಭಯ. ಸಭೆಯಲ್ಲಿ ಹಾಡುವಾಗಲೂ ಇಳಿಯುವ ಹೊತ್ತಿಗೆ ಮಿಂಚಿನ ಹಾಗೆ ತಾನ್ ಹೊಡೆದು, ಯಾವ ಸ್ವರ ಹೋಯಿತೆಂದು ಯಾರ ಕಿವಿಗೂ ಸಿಗದಂತೆ ಮಾಡುವನು.

ಆ ಶಾಲೆಯ ತಂಬೂರಿಗಳಿಗೆ ತಂತಿ ಕಟ್ಟಿ ಶ್ರುತಿ ಮಾಡುವವಳು ನೀಲವ್ವ. ಅವಳ ಹತ್ತಿರ ಒಂದು ಹೊತ್ತಗೆ. ಬಂಧುಬಳಗದ ರಾಗಗಳನ್ನು ಒಂದೊಂದು ಮನೆತನದ ಹಾಗೆ ಒಟ್ಟಿಗೆ ಕೂರಿಸಿ, ಎಡಪುಟದಲ್ಲಿ ಹತ್ತುವ ಸ್ವರಗಳನ್ನು ಬರೆದಿದ್ದಳು. ಇಳಿಯುವ ಸ್ವರಗಳಿಗೆಂದು ಬಿಟ್ಟ ಬಲಪುಟಗಳೆಲ್ಲ ಬೋಳು.

ಒಂದು ದಿನ ರಾಜ ಶಾಲೆಗೆ ಬಂದ, ಕೇಳಿದ, ಸಿಡುಕಿದ.

"ಇದೇನ್ರಿ ಗವಾಯಿಗಳೇ, ಎಲ್ಲಾರೂ ಅಟ್ಟ ಹತ್ತಿ ಕುಂತಾರ?"

"ದಡ್ಡ ಮಕ್ಕಳು, ಮಹಾರಾಜರೇ. ಇಳಿಯೂದು ನಮ್ಮ ಮನೆತನದ ರಕ್ತದಾಗ ಬರಬೇಕು. ಕಲಿಸಿ ಬರೂದಲ್ಲ."

"ಹಂಗಾದರ ಶಾಲಿ ಯಾಕ ಬೇಕು? ಹದಿನೈದು ದಿನ ಕೊಡತೀನಿ. ನಾ ಕೇಳಿದ ರಾಗ ಪೂರಾ ಹಾಡದಿದ್ದರ ಬಾಗಿಲಿಗೆ ಕೀಲಿ!"

ಅಲ್ಲೇ ಕುಳಿತು ಕೇಳುತ್ತಿದ್ದ ನೀಲವ್ವ ತಂಬೂರಿ ಪಕ್ಕಕ್ಕಿಟ್ಟಳು. ಮಕ್ಕಳು ಮನೆಗೆ, ಹೊತ್ತಗೆ ಒಲೆಗೆ! ಆದರೆ ಅವಳಿಗೊಂದು ಗುಟ್ಟು ಗೊತ್ತಿತ್ತು. ಗವಾಯಿ ಹಸಿವೆ ತಡೆದಾನು, ನಿದ್ದೆ ತಡೆದಾನು, ತಪ್ಪು ಸ್ವರ ತಡೆಯಲಾರ.

ಮರುದಿನ ಗವಾಯಿ ಕ್ಷೌರಕ್ಕೆ ಕುಳಿತಿದ್ದ. ಪಕ್ಕದ ಕಟ್ಟೆಯಲ್ಲಿ ನೀಲವ್ವ ತಂತಿ ಬಿಗಿಯುತ್ತ, ಭೀಮಪಲಾಸಿ ರಾಗವನ್ನು ಗುನುಗಿ, ಹತ್ತಿದ ದಾರಿಯಲ್ಲೇ ಇಳಿಸಿದಳು. ಅರ್ಧ ಗಡ್ಡದ ಗವಾಯಿ ಜಿಗಿದೆದ್ದ.

"ಏ ಮಬ್ಬಿ! ಇಳಿಯೂವಾಗ ಧೈವತ ಬರತದ, ರಿಷಭ ಬರತದ!"

ಹಾಡಿಯೇ ತೋರಿಸಿದ. ಒಂದು ಬಲಪುಟ ತುಂಬಿತು.

ಇನ್ನೊಂದು ದಿನ ಶಾಲೆಯಲ್ಲಿ ಊಟದ ಪಂಕ್ತಿ. ತುಪ್ಪ ಬಡಿಸುತ್ತ ನೀಲವ್ವ ಖಮಾಜ ರಾಗ ಗುನುಗಿ, ಇಳಿಯುವಾಗ ಕೆಡಿಸಿದಳು. ಗವಾಯಿಯ ಬಾಯಲ್ಲಿ ಹೋಳಿಗೆ.

"ಅಯ್ಯ, ಕೊಂದೆಲ್ಲ ನಮ್ಮವ್ವ! ಇಳಿಯೂ ನಿಷಾದ ಕೋಮಲ, ತುಸು ತಗ್ಗಬೇಕು!"

ಹೋಳಿಗೆ ಅತ್ತ, ಹಾಡು ಇತ್ತ. ಇನ್ನೊಂದು ಪುಟ ತುಂಬಿತು.

ಆಮೇಲೆ ಅವನಿಗೆ ಅವಳ ಹೂಟ ಹೊಳೆಯಿತು. ಪರೀಕ್ಷೆಯ ದಿನ ಬಾಯಿತುಂಬ ಎಲೆಅಡಿಕೆ ಜಡಿದುಕೊಂಡು ಸಭೆಯಲ್ಲಿ ಕುಳಿತ. ರಾಜ ಕೇಳಿದ್ದು ದೇಸ ರಾಗ. ಹೊತ್ತಗೆಯಲ್ಲಿ ದೇಸದ ಬಲಪುಟ ಬೋಳು! ನೀಲವ್ವ ಹೆದರಲಿಲ್ಲ. ಹಾಡಲು ನಿಂತ ಶಾಲೆಯ ಮೂವರು ಹುಡುಗಿಯರ ಕಿವಿಯಲ್ಲಿ ಉಸುರಿದಳು: "ಹತ್ತೂದು ಸರಿ ಹತ್ತರಿ. ಇಳಿಯೂದು ಜೋರಾಗಿ ತಪ್ಪು ಇಳೀರಿ. ನಗಬ್ಯಾಡ್ರಿ ಮತ್ತ!"

ಮೊದಲನೆಯವಳು ಹತ್ತಿದಳು, ತಪ್ಪಾಗಿ ಇಳಿದಳು. ಗವಾಯಿ ಕಣ್ಣು ಮುಚ್ಚಿದ. ಎರಡನೆಯವಳು ಹತ್ತಿದಳು, ಇನ್ನೂ ತಪ್ಪಾಗಿ ಇಳಿದಳು. ಗವಾಯಿ ತೊಡೆ ಚಿವುಟಿಕೊಂಡ. ಮೂರನೆಯವಳು ಹತ್ತಿದಳು. ಇಳಿದಳೋ, ಉರುಳಿದಳೋ, ಆ ದೇವರೇ ಬಲ್ಲ! ಗವಾಯಿ ಎಲೆಅಡಿಕೆ ಉಗುಳಿ ಎದ್ದೇಬಿಟ್ಟ.

"ಸಾಕು ಮಾಡ್ರಿ, ಪಾಪಿಗಳಾ! ದೇಸ ಇಳಿಯೂದು ಹಿಂಗ!"

ಕೂಸಿನ ಕೈಹಿಡಿದು ಮೆಟ್ಟಿಲಿಳಿಸುವಂತೆ, ನಿಧಾನವಾಗಿ, ಒಂದೊಂದೇ ಸ್ವರ ಹಾಡಿದ. ಮೂವರೂ ಅದನ್ನೇ ತಿರುಗಿ ಹಾಡಿದರು. ಕೂದಲೆಳೆಯಷ್ಟೂ ತಪ್ಪಿಲ್ಲ. ನೀಲವ್ವನ ಲೇಖನಿ ಸರಸರ ಓಡಿತು.

ರಾಜ ನಕ್ಕ. "ಗವಾಯಿಗಳೇ, ನಿಮ್ಮ ಮನೆತನದ ರಕ್ತ ಈ ಹುಡುಗ್ಯಾರಿಗೆ ಇಷ್ಟ ಲಗೂನ ಹೆಂಗ ಬಂತು?"

ಗವಾಯಿ ಉಗುಳಿದ ಎಲೆಅಡಿಕೆಯನ್ನು ಶಲ್ಯದಿಂದ ಒರೆಸತೊಡಗಿದ. ರಾಜ ತೀರ್ಪು ಕೊಟ್ಟ:

"ಇನ್ನ ಶಾಲಿ ನೀಲವ್ವಂದು. ದಿನಾ ಇವರು ತಪ್ಪು ಹಾಡಲಿ, ನೀವು ತಿದ್ದರಿ. ಆ ಹೊತ್ತಗಿ ತುಂಬೂತನಕ ನಿಮಗ ಬಿಡುವಿಲ್ಲ."

ಆದ್ದರಿಂದ ಮಕ್ಕಳೇ, ಅರ್ಧ ಕಲಿಸುವುದು ಕಲಿಸಿದಂತಲ್ಲ, ಕದ್ದಂತೆ. ಬಚ್ಚಿಟ್ಟ ವಿದ್ಯೆ ಒಬ್ಬನ ಜೊತೆ ಸಾಯುತ್ತದೆ. ಕ್ರಮವಾಗಿ ಬರೆದು ಹಂಚಿದ ವಿದ್ಯೆ ಊರನ್ನೇ ಹಾಡಿಸುತ್ತದೆ. ಆ ಪರೀಕ್ಷೆ ನಡೆದದ್ದು ಕಾರ್ತಿಕ ಶುದ್ಧ ದ್ವಾದಶಿ, ಬುಧವಾರ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ.