ಎಲ್ಲರಿಗೂ ಆಗುವ ಹಾಗೆ

"ಗುರುಗಳೇ, ಇರುವ ದುಡ್ಡಿನಲ್ಲಿ ಮನೆಯವರು ಯಾರಿಗೂ ಅನ್ಯಾಯವಾಗದ ಹಾಗೆ ಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಪಂಚಾಕ್ಷರಿ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಮನೆಗೆ ಕಂಪ್ಯೂಟರ್ ತರಬೇಕೆಂದು ಅವನು ನಲವತ್ತು ಸಾವಿರ ರೂಪಾಯಿ ಕೂಡಿಟ್ಟಿದ್ದ. ಒಂದೇ ಒಳ್ಳೆಯ ಲ್ಯಾಪ್‌ಟಾಪ್ ತರುವುದೋ, ಮೇಜಿನ ಮೇಲಿಡುವ ಕಂಪ್ಯೂಟರ್ ತಂದು ಉಳಿದ ದುಡ್ಡಿಗೆ ಒಂದು ಟ್ಯಾಬ್ಲೆಟ್ ತರುವುದೋ, ಯಾರೋ ಬಳಸಿದ ಹಳೆಯ ಕಂಪ್ಯೂಟರ್ ಕೊಂಡು ಉಳಿದದ್ದಕ್ಕೆ ಹೊಸ ಫೋನು ತರುವುದೋ ಎಂದು ಮೂರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದ. ಯಾವ ಯಂತ್ರ ಎಷ್ಟು ವರ್ಷ ಬಾಳುತ್ತದೆ, ಯಾವುದರ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೆಲ್ಲ ಗುರುಗಳಿಗೆ ವಿವರಿಸಿದ. ವಿವರಿಸುತ್ತ ತಾನೇ ಇನ್ನಷ್ಟು ಗಲಿಬಿಲಿಗೊಂಡ.

ಗುರುಗಳು ಎಲ್ಲವನ್ನೂ ಕೇಳಿದರು. ಬೇರೆ ಯಾವುದನ್ನಾದರೂ ಮೂರು ತಿಂಗಳು ಹೀಗೆ ಧ್ಯಾನಿಸಿದ್ದರೆ ನೀನು ಇಷ್ಟು ಹೊತ್ತಿಗೆ ನನ್ನ ಪಕ್ಕದಲ್ಲಿ ಕೂತಿರುತ್ತಿದ್ದೆ, ಎದುರಿಗಲ್ಲ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಮದುವೆಯಿರಲಿ, ಗೃಹಪ್ರವೇಶವಿರಲಿ, ಜನ ಅವನನ್ನೇ ಕರೆಯುತ್ತಿದ್ದರು. ನಿಜ ಹೇಳಬೇಕೆಂದರೆ ಅವನ ಸಾರು ಸುಮಾರಾಗಿತ್ತು. ಅವನಿಗೆ ಹೆಸರು ಬಂದದ್ದು ಬಡಿಸುವುದರಿಂದ. ಊಟಕ್ಕೆ ಸಾಲಾಗಿ ಕೂತವರಲ್ಲಿ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಬಡಿಸಿದರೆ ಅದನ್ನು ಪಂಕ್ತಿಭೇದ ಎನ್ನುತ್ತಾರಲ್ಲ, ಆ ತಪ್ಪು ಅವನ ಕೈಯಿಂದ ಒಂದು ದಿನವೂ ಆಗಿರಲಿಲ್ಲ. ಬೀಗರ ಎಲೆಗೆ ಎರಡು ಹೋಳಿಗೆ ಬಿದ್ದರೆ ಚಪ್ಪರ ಹಾಕಿದವನ ಎಲೆಗೂ ಎರಡೇ ಬೀಳುತ್ತಿತ್ತು. ಅದರ ಬಗ್ಗೆ ಅವನಿಗೆ ಜಂಬವಿತ್ತು. ಇರಲಿ ಬಿಡು, ಮನುಷ್ಯನಿಗಿರುವ ಜಂಬಗಳಲ್ಲಿ ಅದು ಒಳ್ಳೆಯದೇ.

ಅವನ ಮನೆಯಲ್ಲಿ ನಾಲ್ಕು ಜನ: ಅವನು, ಅವನ ಹೆಂಡತಿ, ಪಾಲಿಟೆಕ್ನಿಕ್‌ನಲ್ಲಿ ಓದುವ ಮಗಳು, ವಯಸ್ಸಾದ ತಂದೆ. ನಾಲ್ವರಿಗೂ ಇದ್ದದ್ದು ಒಂದೇ ಫೋನು. ಅದೂ ಅವನ ಜೇಬಿನಲ್ಲಿರುತ್ತಿತ್ತು. ಆ ವರ್ಷ ಲಗ್ನಗಳು ಹೆಚ್ಚಿದ್ದವು. ಮೂವತ್ತಾರು ಸಾವಿರ ರೂಪಾಯಿ ಉಳಿಯಿತು. ಮನೆಗೆ ಕಂಪ್ಯೂಟರ್ ತರೋಣ ಎಂದು ಅವನೇ ಬಾಯಿಬಿಟ್ಟು ಹೇಳಿದ.

ಅವನು ಹಾಗೆ ಹೇಳುವುದಕ್ಕೆ ಕಾರಣ ಅವನ ಹೆಂಡತಿ. ಇದನ್ನು ಗಮನವಿಟ್ಟು ಕೇಳು. ಮದುವೆಗೆ ಮುಂಚೆ ಅವಳು ಕನ್ನಡ ಬೆರಳಚ್ಚಿನ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದಳು. ಕೀಲಿಗಳನ್ನು ನೋಡದೆ ಹತ್ತೂ ಬೆರಳುಗಳಲ್ಲಿ ಹೊಡೆಯುತ್ತಿದ್ದಳು. ಮದುವೆಯಾದ ಮೇಲೆ ಹದಿನೇಳು ವರ್ಷ ಆ ಬೆರಳುಗಳು ಒಬ್ಬಟ್ಟು ತಟ್ಟಿದವು. ಈಗ ಊರಿನ ಮುದ್ರಣಾಲಯದ ಯಜಮಾನ ಅವಳಿಗೆ ಒಂದು ಕೆಲಸ ಕೊಡುತ್ತೇನೆಂದಿದ್ದ. ನಿವೃತ್ತ ಮೇಷ್ಟ್ರೊಬ್ಬರು ಮುನ್ನೂರು ಪುಟಗಳ ಆತ್ಮಕಥೆಯನ್ನು ಕೈಯಲ್ಲಿ ಬರೆದಿಟ್ಟಿದ್ದರು. ಅದನ್ನು ಕಂಪ್ಯೂಟರಿಗೆ ಏರಿಸಬೇಕು. ಮೊದಲ ಮೂವತ್ತು ಪುಟ ಹತ್ತು ದಿನದೊಳಗೆ ತಪ್ಪಿಲ್ಲದೆ ಬಂದರೆ ಪೂರ್ತಿ ಪುಸ್ತಕ ಅವಳದೇ, ಮುಂದಿನ ಪುಸ್ತಕಗಳೂ ಅವಳದೇ. ಅವಳಿಗೆ ಆ ಕೆಲಸ ಬಹಳ ಬೇಕಾಗಿತ್ತು. ದುಡ್ಡಿಗೆ ಬೇಕಾಗಿತ್ತು, ಅದಕ್ಕಿಂತ ಹೆಚ್ಚಾಗಿ ತಾನು ಕಲಿತದ್ದು ಇನ್ನೂ ತನ್ನಲ್ಲಿದೆಯೇ ಎಂದು ನೋಡಿಕೊಳ್ಳುವುದಕ್ಕೆ ಬೇಕಾಗಿತ್ತು. ಗಂಡನಿಗೆ ಇದನ್ನು ಒಂದು ಸಲ ಹೇಳಿದಳು. ಅವನು ಆಗ ಒಂದು ಮದುವೆಯ ಬಾಳೆಲೆ ಎಣಿಸುತ್ತಿದ್ದ. ಒಳ್ಳೇದಾಯ್ತು, ಹಾಗಾದರೆ ಕಂಪ್ಯೂಟರ್ ತರೋಣ ಎಂದ. ಎಣಿಕೆ ಮುಗಿಯುವ ಹೊತ್ತಿಗೆ ಅವನ ನೆನಪಿನಲ್ಲಿ ಕಂಪ್ಯೂಟರ್ ಮಾತ್ರ ಉಳಿದಿತ್ತು. ಯಾಕೆ ಎಂಬುದು ಬಿದ್ದುಹೋಗಿತ್ತು.

ಕೊಳ್ಳುವ ಮುಂಚೆ ಅವನು ಮೂರು ಜನರನ್ನು ವಿಚಾರಿಸಿದ, ನಿನ್ನ ಹಾಗೆಯೇ. ಭಾವಮೈದ ಲ್ಯಾಪ್‌ಟಾಪ್ ತಗೋ, ಎಲ್ಲಿ ಬೇಕಾದರೂ ಎತ್ತಿಕೊಂಡು ಹೋಗಬಹುದು ಎಂದ. ಪಕ್ಕದ ಮನೆಯವರು ಮೇಜಿನ ಕಂಪ್ಯೂಟರೇ ಒಳ್ಳೆಯದು, ಕೆಟ್ಟರೆ ಬಿಡಿಭಾಗ ಬದಲಾಯಿಸಬಹುದು ಎಂದರು. ಪಾತ್ರೆ ಬಾಡಿಗೆಗೆ ಕೊಡುವವನು ಈಗ ಎಲ್ಲವೂ ಫೋನಿನಲ್ಲೇ ಆಗುತ್ತದೆ ಎಂದ. ಎಲ್ಲರೂ ಸರಿಯಾಗಿಯೇ ಹೇಳಿದ್ದರು. ಗೊಂದಲ ಹುಟ್ಟುವುದು ಅಂಥ ಕಡೆಯೇ. ಅವರಲ್ಲಿ ಇಬ್ಬರು ಸುಳ್ಳು ಹೇಳಿದ್ದರೆ ಅವನು ಬೇಗ ತೀರ್ಮಾನಕ್ಕೆ ಬಂದುಬಿಡುತ್ತಿದ್ದ.

ಕೊನೆಗೆ ಮನೆಯವರನ್ನೇ ಕೂರಿಸಿಕೊಂಡು ಯಾರಿಗೆ ಏನು ಬೇಕು ಎಂದು ಕೇಳಿದ. ತಂದೆ ತಮಗೆ ಪ್ರವಚನ ಕೇಳಿಸಿದರೆ ಸಾಕು ಎಂದರು. ಮಗಳು ಮನೆಯ ನಕ್ಷೆ ಬಿಡಿಸುವುದಕ್ಕೆ ತನಗೂ ಕಂಪ್ಯೂಟರ್ ಬೇಕು, ಆದರೆ ಕಾಲೇಜಿನಲ್ಲಿ ಸಂಜೆವರೆಗೆ ಸಿಗುತ್ತದೆ ಎಂದಳು. ಹೆಂಡತಿಯ ಸರದಿ ಬಂತು. ಮಾವ ಎದುರಿಗೆ ಕೂತಿದ್ದರು. ಎಲ್ಲ ನನಗೇ ತನ್ನಿ ಎಂದು ಹೇಳುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ.

"ಎಲ್ಲರಿಗೂ ಆಗೋ ಹಾಗೆ ನೋಡಿ" ಎಂದಳು.

ಅವಳ ಮನಸ್ಸಿನಲ್ಲಿದ್ದದ್ದು ಒಂದು ಮೇಜು, ಅದರ ಮೇಲೆ ಕೀಲಿಮಣೆಯಿರುವ ಒಂದೇ ಒಂದು ಕಂಪ್ಯೂಟರ್. ಹಗಲು ತಾನು ಕೂರುವುದು, ಸಂಜೆ ಮಗಳು ಕೂರುವುದು, ಮಾವನವರಿಗೆ ಬೆಳಿಗ್ಗೆ ಪ್ರವಚನ ಹಾಕಿಕೊಡುವುದು. ಒಂದು ಎಲ್ಲರಿಗೂ ಆಗುತ್ತದೆ. ಆದರೆ ಅಡುಗೆಯವನ ಕಿವಿಗೆ ಆ ಮಾತು ಬೇರೆಯಾಗಿ ಬಿತ್ತು. ಮೂವತ್ತು ವರ್ಷಗಳಿಂದ ಮದುವೆ ಮನೆಯವರು ಅವನಿಗೆ ಹೇಳುತ್ತ ಬಂದದ್ದು ಅದೇ ಮಾತು. ಎಲ್ಲರಿಗೂ ಆಗುವ ಹಾಗೆ ನೋಡಪ್ಪ ಎಂದರೆ ಒಂದು ಎಲೆಯೂ ಖಾಲಿ ಉಳಿಯಬಾರದು ಎಂದರ್ಥ. ಎಂಥ ಹೆಂಡತಿ ನನ್ನವಳು ಎಂದು ಅವನಿಗೆ ಹೆಮ್ಮೆಯಾಯಿತು.

ಅವನು ಅಂಗಡಿಗೆ ಹೋದ. ಅಂಗಡಿಯವನು ಎಂಟು ಜಿಬಿ ಎಂದ, ಹದಿನಾರು ಜಿಬಿ ಎಂದ, ಪ್ರೊಸೆಸರ್ ಎಂದ. ಅಡುಗೆಯವನು ತಲೆಯಾಡಿಸುತ್ತ ನಿಂತ. ಒಂದು ಅಕ್ಷರವೂ ತಲೆಗೆ ಹತ್ತಲಿಲ್ಲ. ಆಮೇಲೆ ಮೂವತ್ತೈದು ಸಾವಿರದ ಕಂಪ್ಯೂಟರ್ ಒಂದನ್ನು ಮುಟ್ಟಿ, ತನಗೆ ಗೊತ್ತಿದ್ದ ಒಂದೇ ಪ್ರಶ್ನೆಯನ್ನು ಕೇಳಿದ.

"ಇದು ಎಷ್ಟು ಜನಕ್ಕೆ ಆಗುತ್ತೆ?"

ಅಂಗಡಿಯವನಿಗೆ ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅವನು ಸ್ವಲ್ಪ ಯೋಚಿಸಿ, "ಒಂದು ಸಲಕ್ಕೆ ಒಬ್ರು ಕೂರಬಹುದು ಅಣ್ಣ" ಎಂದ.

ಮೂವತ್ತೈದು ಸಾವಿರಕ್ಕೆ ಒಬ್ಬರು. ಉಳಿದ ಮೂವರ ಎಲೆ ಖಾಲಿ. ಅಡುಗೆಯವನು ಮುಟ್ಟಿದ್ದ ಕೈ ತೆಗೆದ. ತನ್ನ ಮನೆಯಲ್ಲೇ ಪಂಕ್ತಿಭೇದವೇ ಎಂದು ಹಿಂದಕ್ಕೆ ಸರಿದ. ಮದುವೆಯ ಊಟಕ್ಕೆ ಎರಡನೇ ಪಂಕ್ತಿ, ಮೂರನೇ ಪಂಕ್ತಿ ಕೂರುವುದಿಲ್ಲವೇ, ಅದೇ ಹಾಲ್, ಅದೇ ಚಾಪೆ? ಅದು ಅವನಿಗೆ ಹೊಳೆಯಲೇ ಇಲ್ಲ. ಆ ಕೆಲಸವನ್ನೇ ಮಾಡಿಕೊಂಡು ತಲೆ ಹಣ್ಣಾದವನಿಗೆ ಹೊಳೆಯಲಿಲ್ಲ ನೋಡು. ಒಂಬತ್ತು ಸಾವಿರಕ್ಕೊಂದರಂತೆ ನಾಲ್ಕು ಟ್ಯಾಬ್ಲೆಟ್ ಕೊಂಡ. ಒಂದೇ ಕಂಪನಿ, ಒಂದೇ ಅಳತೆ, ಒಂದೇ ಬಣ್ಣ. ಮನೆಗೆ ಬಂದು ನಡುಮನೆಯಲ್ಲಿ ನಾಲ್ಕನ್ನೂ ಸಾಲಾಗಿ ಇಟ್ಟ. ಆ ದಿನ ಅವನಷ್ಟು ಸಂತೋಷವಾಗಿದ್ದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಬಡಿಸಿದ್ದನ್ನು ಎಲೆಯ ಮುಂದೆ ಹಳಿಯುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಎಲ್ಲರೂ ಚೆನ್ನಾಗಿದೆ ಎಂದರು. ತಂದೆ ಎರಡು ದಿನ ಒತ್ತಿ ನೋಡಿ, ಯಾವುದೋ ಪರದೇಶದ ಕುಸ್ತಿ ಬಂದದ್ದನ್ನು ನಿಲ್ಲಿಸಲಾರದೆ ದಿಂಬಿನ ಕೆಳಗೆ ಇಟ್ಟುಬಿಟ್ಟರು. ಮಗಳ ನಕ್ಷೆಯ ತಂತ್ರಾಂಶ ಅದರೊಳಗೆ ಇಳಿಯಲಿಲ್ಲ. ಅವಳು ಅದರಲ್ಲಿ ಸಿನಿಮಾ ನೋಡಿದಳು, ನಕ್ಷೆಗೆ ಕಾಲೇಜಿಗೇ ಹೋದಳು. ಅಡುಗೆಯವನು ತನ್ನದನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ.

ಹೆಂಡತಿ ಹಸ್ತಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡು ಕೂತಳು. ಹತ್ತೂ ಬೆರಳುಗಳನ್ನು ಗಾಜಿನ ಮೇಲೆ ಇಟ್ಟಳು. ಇಟ್ಟ ತಕ್ಷಣ ಹತ್ತು ಅಕ್ಷರ ಬಿದ್ದವು. ಅವನ್ನು ಅಳಿಸಿ ಮತ್ತೆ ಇಟ್ಟಳು. ಮತ್ತೆ ಬಿದ್ದವು. ಕೀಲಿಗಳು ಕೈಗೆ ಸಿಗದಿದ್ದ ಮೇಲೆ ಆ ಬೆರಳುಗಳಿಗೆ ದಾರಿ ತಿಳಿಯಲಿಲ್ಲ. ತಾನೇ ಮರೆತೆನೋ, ಯಂತ್ರವೇ ಹೀಗೋ ಎಂದು ಅವಳಿಗೆ ಗೊತ್ತಾಗಲಿಲ್ಲ. ಮರೆತೇಬಿಟ್ಟೆ ಎಂದುಕೊಂಡಳು.

ಇಲ್ಲಿ ಪಂಚಾಕ್ಷರಿ ನಡುವೆ ಬಾಯಿ ಹಾಕಿ, ಟ್ಯಾಬ್ಲೆಟ್ಟಿಗೆ ಜೋಡಿಸುವ ಕೀಲಿಮಣೆ ಬೇರೆಯಾಗಿ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ ಎಂದ. ಸಿಗುತ್ತದೆ, ನಿನಗೆ ಗೊತ್ತು, ಅವಳಿಗೆ ಗೊತ್ತಿರಲಿಲ್ಲ ಎಂದರು ಗುರುಗಳು. ತಪ್ಪು ತನ್ನದೇ ಎಂದುಕೊಂಡವರು ಅಂಗಡಿಗೆ ಹೋಗಿ ವಿಚಾರಿಸುವುದಿಲ್ಲ ಎಂದೂ ಹೇಳಿ ಕತೆ ಮುಂದುವರಿಸಿದರು.

ಅವಳು ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಒತ್ತಕ್ಷರಗಳು ಕೈಕೊಟ್ಟವು. ಅಕ್ಕ ಅಕ ಆದಳು, ಅಮ್ಮ ಅಮ ಆದಳು. ಗಂಡ ಕೆಲಸದಿಂದ ಬಂದು ಹೇಗಿದೆ ಎಂದು ಕೇಳಿದಾಗಲೆಲ್ಲ ಚೆನ್ನಾಗಿದೆ ಎಂದಳು. ಹತ್ತು ದಿನಕ್ಕೆ ಹನ್ನೊಂದು ಪುಟ ಆಯಿತು. ಮುದ್ರಣಾಲಯದ ಯಜಮಾನ ಒಳ್ಳೆಯ ಮನುಷ್ಯ. ಬೇಸರ ತೋರಿಸದೆ ಹಸ್ತಪ್ರತಿಯನ್ನು ವಾಪಸು ತೆಗೆದುಕೊಂಡ. ಅದನ್ನು ಬೇರೆಯವರಿಗೆ ಕೊಟ್ಟ.

ಒಂದು ತಿಂಗಳ ಮೇಲೆ ಅಡುಗೆಯವನಿಗೆ ಅದು ತಿಳಿಯಿತು. ಒಂದು ಮದುವೆಯಲ್ಲಿ ಆ ಯಜಮಾನನೇ ಊಟಕ್ಕೆ ಕೂತಿದ್ದ. ನಿಮ್ಮ ಮನೆಯವರಿಗೆ ಬೆರಳಚ್ಚಿನ ರೂಢಿ ತಪ್ಪಿಹೋಗಿದೆ, ಪುಸ್ತಕ ಬೇರೆಯವರಿಗೆ ಕೊಡಬೇಕಾಯ್ತು, ಪಾಪ, ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳಿ ಎಂದ. ಅಡುಗೆಯವನ ಕೈಯಲ್ಲಿ ಸೌಟು ಹಾಗೇ ನಿಂತಿತು. ಬಾಳೆಲೆ ಎಣಿಸಿದ ದಿನ ಅವನಿಗೆ ಆಗ ನೆನಪಾಯಿತು. ಬಡಿಸುವುದನ್ನು ಇನ್ನೊಬ್ಬನ ಕೈಗೆ ಕೊಟ್ಟು ಮನೆಗೆ ಬಂದ. ಅವನ ಜೀವನದಲ್ಲಿ ಪಂಕ್ತಿಯ ನಡುವೆ ಎದ್ದು ಬಂದದ್ದು ಅದೊಂದೇ ಸಲ.

ಹೆಂಡತಿ ಹಿಟ್ಟು ಕಲಸುತ್ತಿದ್ದಳು. "ನಿಂಗೆ ಬೇಕಾಗಿದ್ದು ಇದಲ್ಲ ಅಂತ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ.

"ಹೇಳಿದ್ನಲ್ಲ. ಎಲ್ಲರಿಗೂ ಆಗೋ ಹಾಗೆ ನೋಡಿ ಅಂದ್ನಲ್ಲ" ಎಂದಳು.

"ಹಾಗೇ ತಾನೆ ತಂದಿದ್ದು?" ಎಂದ ಅವನು.

ಅವಳು ಅವನ ಮುಖ ನೋಡಿದಳು. ಅವನೂ ಅವಳ ಮುಖ ನೋಡಿದ. ಒಂದೇ ಮಾತನ್ನು ಇಬ್ಬರೂ ಹಿಡಿದುಕೊಂಡಿದ್ದರು, ಅದು ಇಬ್ಬರ ಕೈಯಲ್ಲಿ ಯಾಕೆ ಬೇರೆಬೇರೆಯಾಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಅವಳಿಗೆ ಅಳು ಬಂತು. ಹಿಟ್ಟಿನ ಕೈಯಾದ್ದರಿಂದ ಕಣ್ಣು ಒರೆಸಿಕೊಳ್ಳಲಾಗಲಿಲ್ಲ. ಅವನು ನಿಂತೇ ಇದ್ದ. ತಾನು ಯಾರಿಗೂ ಕಡಿಮೆ ಮಾಡಲಿಲ್ಲ, ಆದರೂ ಇವಳು ಹಸಿದಿದ್ದಾಳೆ, ಅದು ಹೇಗೆ ಎಂದು ಯೋಚಿಸುತ್ತ ನಿಂತಿದ್ದ.

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟರು. ಪಂಚಾಕ್ಷರಿ ಮುಂದೆ ಇನ್ನೇನೋ ಇದೆ ಎಂದು ಕಾದ. ಏನೂ ಬರದಿದ್ದಾಗ ಅವನಿಗೆ ಸಮಾಧಾನವಾಗಲಿಲ್ಲ. ಅಡುಗೆಯವನ ಮೇಲೆ ಅವನಿಗೆ ಮರುಕ ಹುಟ್ಟಿತ್ತು. ಕೊಂಡವನ ತಪ್ಪೇನು ಎಂದು ಒಳಗೇ ಲೆಕ್ಕ ಹಾಕಿದ.

"ಏನೇ ಹೇಳಿ ಗುರುಗಳೇ, ಆಕೆ ಗಂಡನಿಗೆ ಬಿಡಿಸಿ ಹೇಳಬಹುದಿತ್ತು" ಎಂದ.

"ಮೊನ್ನೆ ನಿನ್ನ ಹೆಂಡತಿ ಇಲ್ಲಿಗೆ ಬಂದಿದ್ದಾಗ ನಾನೂ ಅವಳಿಗೆ ಅದನ್ನೇ ಹೇಳಿದೆ, ಗಂಡನಿಗೆ ಬಿಡಿಸಿ ಹೇಳಮ್ಮ ಅಂತ" ಎಂದರು ಗುರುಗಳು.